ಬಚ್ಚಲುಮನೆ ಗೋಡೆಯ ಬೂದಿ

ಕೋಟದ ನಮ್ಮ ಮನೆಯ ಹಿತ್ತಲಲ್ಲಿ ಅವತ್ತು ಮೂವರಿದ್ದೆವು. ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದರು. ನಾನು ಬಚ್ಚಲುಮನೆಯ ಗೋಡೆಗೆ ಅಂಟಿದ್ದ ಬೂದಿಯ ಹಪ್ಪಳವನ್ನು ಒಂದು ಮೂಲೆಯಿಂದ ಮೆಲ್ಲಗೆ ಬಿಡಿಸುತ್ತಿದ್ದೆ. ಚಿಕ್ಕಂದಿನಲ್ಲೇ ಹೋಗಿ ಸೇರಿದ್ದ ಮುಂಬೈಯ ಹೋಟೆಲು ಬಿಟ್ಟು ಊರಿಗೆ ಬಂದಿದ್ದ ಮೈದುನ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಹ್ವಾಯ್ ಅತ್ಗೆ, ಎಂತದಿದ್? ಬೆರಣಿ ತಟ್ಟಿದಾಂಗ್ ಇತ್ತಲೆ! ಬೇಸ್ಗಿಗೆ ಪೇಂಟಿನವ್ರ್ ಬತ್ರ್. ಕೆರ್ದ್ ಹಾಕ್ಕ್."

"ಅದ್ ಟೊಮೆಟೊ ಬೀಜ ಮಾರಾಯಾ," ಅಂದರು ಅತ್ತೆ. "ನೀ ಹುಟ್ಟುಕ್ ಮುಂಚಿಂದ್ ಅಲ್ಲೇ ಇತ್ತ್."

ಹೌದು, ಚೊಚ್ಚಲ ಗೊಂಚಲಿನ ಒಳ್ಳೆಯ ಹಣ್ಣಿಗೆ ಬಾಳೆನಾರು ಕಟ್ಟುವುದು, ನಾರು ಕಟ್ಟಿದ್ದನ್ನು ಯಾರೂ ಕೊಯ್ಯದಿರುವುದು, ಹಣ್ಣಾದ ಮೇಲೆ ಬೂದಿಯಲ್ಲಿ ಹಿಸುಕಿ ಗೋಡೆಗೆ ಮೆತ್ತುವುದು, ಗದ್ದೆ ಕೊಯ್ಲು ಮುಗಿದ ಮೇಲೆ ಉದುರಿಸಿ ಬಿತ್ತುವುದು: ನಮ್ಮ ಟೊಮೆಟೊ ನಮ್ಮಲ್ಲಿ ಉಳಿದುಬಂದದ್ದು ಹೀಗೆ. ಗೋಡೆ ಹೋದರೆ ಬೀಜವೂ ಹೋದಂತೆಯೇ.

"ಈ ಕಾಲ್ದಗೆ ಗ್ವಾಡಿ ಮೇಲೆ ಯಾರ್ ಬೀಜ ಇಡ್ತ್ರ್? ನಾನೂ ಒಂದ್ ಸಾಲ್ ಹೈಬ್ರಿಡ್ ನೆಡ್ತೆ. ನಿಮ್ದ್ ಸೋತ್ರೆ ಕೆರುದೇ, ಆತಾ?"

"ಆತ್," ಎಂದುಬಿಟ್ಟೆ.

ಬ್ರಹ್ಮಾವರದ ನರ್ಸರಿಯಿಂದ ಆತ ಟ್ರೇಯಲ್ಲಿ ಸಸಿ ತಂದ. ನಿಜ ಹೇಳುತ್ತೇನೆ, ಅವನ ಗಿಡಗಳು ನೋಡನೋಡುತ್ತಲೇ ಎದ್ದವು. ನಮ್ಮದು ಇನ್ನೂ ಮಣ್ಣಿನ ಮೇಲೆ ಕೈಕಾಲು ಚಾಚಿ ಮಲಗಿರುವಾಗ ಅವನದು ಕೋಲು ಹಿಡಿದು ನಿಂತು ಹೂವು ಬಿಟ್ಟಿತ್ತು. ಅವನ ಹಣ್ಣು ಕೋಳಿಮೊಟ್ಟೆಯ ಹಾಗೆ ನುಣುಪು. ನಮ್ಮದು ಪುಟ್ಟದು, ಗೀರುಗೀರು, ಒಂದು ಇಬ್ಬನಿಗೇ ಬಿರಿಯುವಂಥದ್ದು. ಸಾರಿಗೆ ಹಾಕಿದರೆ ನಾಲಗೆ ಚುರುಕ್ ಅನ್ನುವ ಹುಳಿಯೊಂದೇ ನಮ್ಮ ಆಸ್ತಿ.

"ಅಮ್ಮಾ, ನಿಮ್ ಟೊಮೆಟೊ ಗೋಲಿ ಆಡುಕ್ ಅಡ್ಡಿಲ್ಲೆ!" ಎಂದು ಬುಟ್ಟಿ ತುಂಬಿಸಿಕೊಂಡು ನಕ್ಕ ಮೈದುನ, ಗೋಡೆ ಕೆರೆಯುವ ಪಟ್ಟಿಯನ್ನೂ ಹಿಡಿದುಕೊಂಡೇ ಬಂದಿದ್ದ.

ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. "ಸೋತದ್ ಹೌದ್. ಕೆರುಕ್ ಮಾತ್ರ ಬಿಡುದಿಲ್ಲೆ."

"ಮಾತಿಗ್ ತಪ್ಪುದಾ ಅತ್ಗೆ?"

"ಹೌದ್, ತಪ್ಪಿದೆ. ಎಂತ ಮಾಡ್ತಿ ಮಾಡ್. ಬಪ್ಪ ವರ್ಷ ಸಸಿ ಬೇಕಾರೆ ನೀ ಬ್ರಹ್ಮಾವರಕ್ ಹೋಯ್ಕ್. ನಾ ಬಚ್ಚಲಿಗ್ ಹೋದ್ರೆ ಸಾಕ್."

ಇವತ್ತಿಗೂ ಆ ಮಾತಿಗೆ ತಪ್ಪಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಯಾರ ಬುಟ್ಟಿ ದೊಡ್ಡದು ಎಂದು ನೋಡಿ ಮನೆಯ ಬೀಜವನ್ನು ಎಸೆಯಬೇಕೆಂದಿದ್ದರೆ ಅತ್ತೆ ಯಾವತ್ತೋ ಎಸೆಯುತ್ತಿದ್ದರು. ಗೆಲ್ಲುತ್ತದೆಂದು ನಾನದನ್ನು ಸಾಕಿದ್ದಲ್ಲ. ನಮ್ಮದೆಂದು ಸಾಕಿದ್ದು. ಅಂದೇ ಮೊದಲಿಗಿಂತ ದೊಡ್ಡ ಹಪ್ಪಳ ಮೆತ್ತಿದೆ.

ಮೈದುನನಿಗೂ ಹಟ ಬಂತು. "ಬಚ್ಚಲಿಗ್ ನಂಗೂ ದಾರಿ ಗೊತ್ತಿತ್" ಎಂದವನೇ ತನ್ನ ಸಾಲಿನ ಅತಿ ದೊಡ್ಡ ಹಣ್ಣನ್ನು ಬೂದಿಯಲ್ಲಿ ಹಿಸುಕಿ ನಮ್ಮದರ ಪಕ್ಕಕ್ಕೇ ಪಟ್ಟನೆ ಬಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಣಲ್ಲೇ ತಡೆದರು. "ಮೆತ್ತಲಿ ಬಿಡ್."

ಬೇಸಗೆಯಲ್ಲಿ ಬಂದ ಪೇಂಟಿನವರು ಎರಡೂ ಹಪ್ಪಳಗಳ ಸುತ್ತ ಬಳಿದು ಹೋದರು.

ಮುಂದಿನ ಕೊಯ್ಲಾದ ಮೇಲೆ ಎರಡನ್ನೂ ಬಿತ್ತಿದೆವು. ನಮ್ಮದು ಹಿಂದಿನ ವರ್ಷದ ಹಾಗೆಯೇ ಗೀರುಗೀರಾಗಿ ಬಂತು. ಅವನ ಸಾಲಿನಲ್ಲಿ ಒಂದು ಗಿಡಕ್ಕೆ ನೆಲ್ಲಿಕಾಯಿಯಷ್ಟು ಹಣ್ಣು, ಇನ್ನೊಂದಕ್ಕೆ ಉದ್ದ ಹಣ್ಣು, ಮತ್ತೊಂದು ಬರೀ ಎಲೆ. ಒಂದೂ ತಾಯಿಹಣ್ಣಿನ ಹಾಗಿರಲಿಲ್ಲ; ಹೈಬ್ರಿಡ್ಡಿನ ಬೀಜದ ಗುಣವೇ ಅದು.

ಈ ವರ್ಷ ಆತ ಮತ್ತೆ ಬ್ರಹ್ಮಾವರಕ್ಕೆ ಹೋಗಿ ಟ್ರೇ ತಂದ. ನೆಟ್ಟ ಮೇಲೆ ಸಾಲಿನ ಕೊನೆಯಲ್ಲಿ ಒಂದಿಷ್ಟು ಜಾಗ ಉಳಿಯಿತು. ಬಚ್ಚಲಿಗೆ ಬಂದು, ನನ್ನನ್ನು ಕೇಳದೆ, ನಮ್ಮ ಹಪ್ಪಳದ ಒಂದು ಮೂಲೆ ಮುರಿದುಕೊಂಡು ಹೋದ.