ಅಂದವಾದ ಚಿತ್ರವನ್ನು ನಂಬದ ಅನುಮಾನದಕ್ಕ

ಬೆಳಕು ಹರಿಯುವ ಮುನ್ನವೇ ಆಕೆ ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಲಿಫ್ಟು, ಏಸಿ ಶುರುವಾದರೆ ಅವುಗಳ ಗದ್ದಲ ಸರ್ಕ್ಯೂಟಿಗೂ ಕೇಳಿಸಿ ಚಿತ್ರ ಕೆಡುತ್ತದಂತೆ. ಮೇಜಿನ ಮೇಲೆ ಸ್ತನದ ಆಕಾರದ ಪ್ಲಾಸ್ಟಿಕ್ ಅಚ್ಚು, ಅದರೊಳಗೆ ಕಿರಣ ಸೂಸುವ ಬಟಾಣಿಯಷ್ಟು ಸುಳ್ಳು ಗಂಟು. ಅದಕ್ಕೆ ತಾಗಿಕೊಂಡಂತೆ, ಸ್ತನದ ಗಂಟು ಹುಡುಕುವ ಕ್ಯಾಮೆರಾದ ಫಲಕ. ಪರದೆಯ ಮೇಲೆ ಗಂಟು ಬೆಳ್ಳಗೆ ಹೊಳೆಯುತ್ತದೆ. ಆಕೆಯ ಕೆಲಸ ನೋಡಲು ಬಂದ ನನ್ನ ಕಣ್ಣಿಗದು ಚೆಂದದ ಚಿತ್ರ. ಆಕೆ ಮಾತ್ರ ಹುಬ್ಬು ಗಂಟಿಕ್ಕುತ್ತಾರೆ.

“ಇಷ್ಟು ನುಣ್ಣಗೆ ಬಂದಿದೆ ಅಂದ್ರೆ ಏನೋ ಮುಚ್ಚಿಡ್ತಿದೆ ಅಮ್ಮಾ.”

ಜೊತೆಯವರು ಆಕೆಯನ್ನು ಅನುಮಾನದಕ್ಕ ಎನ್ನುವುದು ಸುಮ್ಮನೆ ಅಲ್ಲ. ರೋಗಿಗೆ ಚುಚ್ಚಿದ ಔಷಧಿ ಗಂಟಿರುವಲ್ಲಿ ಹೆಚ್ಚು ಸೇರಿ ಕಿರಣ ಸೂಸುತ್ತದೆ; ಕ್ಯಾಮೆರಾದ ಸಾವಿರಾರು ಪುಟ್ಟ ಕಣ್ಣುಗಳು ಅದನ್ನು ಹಿಡಿಯುತ್ತವೆ. ಆ ಮಿಣುಕನ್ನು ಚಿತ್ರವಾಗಿಸುವ ಎಲೆಕ್ಟ್ರಾನಿಕ್ಸ್ ಈಕೆಯ ಕೈಯದು. ಯಾರೂ ಕೇಳದಿದ್ದರೂ, ಫಲಕ ಮೈಗೆ ತಣ್ಣಗೆ ತಾಗಬಾರದೆಂದು ಅದಕ್ಕೊಂದು ಬೆಚ್ಚನೆಯ ತೆಳು ಪದರ ಕೂಡಿಸಿದ್ದಾರೆ. ಆ ಬಗ್ಗೆ ಕೇಳಿದರೆ ಮಾತು ತಪ್ಪಿಸುತ್ತಾರೆ.

ಇಂದು ಕ್ಯಾಮೆರಾ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಕಾಯುತ್ತಿರುವ ಹೆಂಗಸರಲ್ಲಿ ಆಕೆಯ ಅತ್ತಿಗೆಯೂ ಒಬ್ಬರು. ಮುಟ್ಟಿ ನೋಡಿದಾಗ ಕೈಗೆ ಗಂಟು ಸಿಕ್ಕಿದೆ, ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿಲ್ಲ. ಈಗ ಅವರದೇ ಫೋನು.

“ಏನೇ, ಇವತ್ತು ಬರುತ್ತಾ ನಿನ್ನ ಪೆಟ್ಟಿಗೆ?”

“ಬರಬೇಕು ಅತ್ತಿಗೆ. ಒಂದು ಮೂಲೆ ಮೇಲೆ ಯಾಕೋ ಅನುಮಾನ.”

“ನಿಮ್ಮಣ್ಣನ್ನ ನನಗೆ ಗಂಟು ಹಾಕುವಾಗ ಎಲ್ಲಿ ಹೋಗಿತ್ತೇ ಈ ಅನುಮಾನ?”

ನಗುತ್ತಲೇ ಫೋನಿಟ್ಟು, ಆಕೆ ಅಚ್ಚನ್ನು ಆ ಮೂಲೆಯತ್ತ ಸರಿಸುತ್ತಾರೆ. ಪರದೆಯ ಮೇಲೆ ಚಿತ್ರ ಮತ್ತೆ ಮೂಡುತ್ತದೆ. ಗಂಟು ಇಲ್ಲ. ಅದಿರಬೇಕಾದ ಕಡೆ ನುಣ್ಣನೆಯ ಬೂದು ಬಣ್ಣ.

ಅಲ್ಲೊಂದು ಚಿಪ್ ಸತ್ತಿದೆ. ಅದರಡಿಯ ಕಣ್ಣುಗಳೆಲ್ಲ ಕುರುಡು. ಆ ಖಾಲಿ ಜಾಗಕ್ಕೆ ಕ್ಯಾಮೆರಾ ಅಕ್ಕಪಕ್ಕದ ಕಣ್ಣುಗಳು ಕಂಡದ್ದನ್ನೇ ಸವರಿಬಿಟ್ಟಿದೆ.

“ಹಾಗೆ ಸವರು ಅಂತ ಹೇಳಿಕೊಟ್ಟವಳು ನಾನೇ,” ಎನ್ನುತ್ತಾರೆ ಮೆಲ್ಲಗೆ. “ಒಂದೊಂದು ಕಣ್ಣು ಕೆಟ್ಟರೆ ಚಿತ್ರ ತೂತುತೂತಾಗಿ ಕಾಣದಿರಲಿ ಅಂತ. ಒಂದು ಹಿಂಡೇ ಸಾಯಬಹುದು ಅಂತ ಹೊಳೀಲೇ ಇಲ್ಲ. ಎಲ್ಲರ ಮೇಲೂ ಅನುಮಾನ ಪಟ್ಟೆ, ನನ್ನ ಬಿಟ್ಟು.”

ಬಾಗಿಲಲ್ಲಿ ಮುಖ್ಯಸ್ಥರು. “ಗಾಡಿ ಬಂದು ನಿಂತಿದೆಯಲ್ಲಮ್ಮ. ಒಂದು ಮೂಲೆಗೋಸ್ಕರ...”

“ಆ ಮೂಲೇಲಿ ಯಾರ ಗಂಟು ಬಂದು ಕೂರುತ್ತೋ ಸಾರ್?”

ಅವರು ಪರದೆಯನ್ನು ನೋಡುತ್ತಾರೆ, ಅಚ್ಚನ್ನು ನೋಡುತ್ತಾರೆ, ಹೊರಗೆ ಹೋಗುತ್ತಾರೆ. ಗಾಡಿ ವಾಪಸಾಗುವ ಸದ್ದು. ಆಮೇಲೆ, ಆಗಷ್ಟೇ ಶುರುವಾಗಿದ್ದ ಇಡೀ ಮಹಡಿಯ ಏಸಿ ನಿಲ್ಲುತ್ತದೆ. ಅದನ್ನು ಆರಿಸಿದ್ದು ಯಾರೆಂದು ನಮ್ಮಿಬ್ಬರಿಗೂ ಗೊತ್ತು.

ಆಕೆ ಅತ್ತಿಗೆಗೆ ಫೋನು ಮಾಡಿ, ಇನ್ನೂ ಕೆಲವು ದಿನ ಕಾಯಬೇಕೆನ್ನುತ್ತಾರೆ. ಆ ಕಡೆ ಈಗ ತಮಾಷೆಯಿಲ್ಲ. “ಸರಿ, ನೀನು ತಿಂಡಿ ತಿಂದ್ಯಾ?” ಎಂಬ ದನಿ.

ಹೊಸ ಚಿಪ್ ಕೂರಿಸಲು ಸ್ಕ್ರೂ ಬಿಚ್ಚುತ್ತ ಆಕೆ ಹೇಳುತ್ತಾರೆ: “ಇನ್ಮೇಲೆ ಕುರುಡಾದ ಜಾಗ ಕಪ್ಪಗೇ ಕಾಣ್ಲಿ. ಚಿತ್ರ ಅಸಹ್ಯವಾದರೆ ಆಗಲಿ. ಅತ್ತಿಗೆ ವಿಷಯದಲ್ಲಿ ಈ ಕ್ಯಾಮೆರಾ ‘ಏನೂ ಇಲ್ಲ’ ಅಂದರೆ, ಅವತ್ತೊಂದು ದಿನ ನಾನೂ ಅದನ್ನ ನಂಬೋ ಹಾಗಿರಬೇಕು ಅಮ್ಮಾ.”