ಬೈಸಿಕೊಳ್ಳಲು ಬಂದ ಹುಡುಗಿ

ಕಳೆದ ಗುರುವಾರ ಒಬ್ಬ ವಿದ್ಯಾರ್ಥಿನಿ ನನ್ನ ಕ್ಯಾಬಿನ್ನಿಗೆ ಬಂದು ಬೈಸಿಕೊಂಡು ಹೋದಳು. ತಪ್ಪು ಮಾಡಿ ಸಿಕ್ಕಿಬಿದ್ದದ್ದಲ್ಲ. ತಾನಾಗಿಯೇ ಕೇಳಿ ಬೈಸಿಕೊಂಡಳು!

ನಾನು ಸಿವಿಲ್ ಇಂಜಿನಿಯರಿಂಗ್ ಕಲಿಸುವವಳು. ಮುಂಬೈಯ ಸಾಂತಾಕ್ರೂಜ್‌ನ ಮನೆಯಿಂದ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ವಿಕ್ರೋಳಿ ಕಡೆಯ ಕಾಲೇಜಿಗೆ ಹೋಗುತ್ತೇನೆ. ಗುರುವಾರ ಮಧ್ಯಾಹ್ನ ನನ್ನದು ‘ಡೌಟ್ ಅವರ್’. ಮೊದಲೆಲ್ಲ ಬಾಗಿಲಾಚೆ ಕ್ಯೂ ಇರುತ್ತಿತ್ತು. ಕೇಳಿದ್ದನ್ನೇ ಕೇಳುವವರ ಮೇಲೆ ರೇಗುತ್ತಿದ್ದೆ. (ನನ್ನ ಸಿಟ್ಟು ಇಡೀ ಡಿಪಾರ್ಟ್‌ಮೆಂಟಿಗೆ ಗೊತ್ತು.) ಈಗ? ಡೌಟುಗಳೆಲ್ಲ ಫೋನಿನೊಳಗಿನ ಎಐಗೆ ಹೋಗುತ್ತವೆ. ಎದುರಿನ ಕುರ್ಚಿಗಳು ಖಾಲಿ. ನಾನು ಫ್ಯಾನ್ ನೋಡುತ್ತಾ ಕೂತಿರುತ್ತೇನೆ. ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ?

ಹಾಗಿರುವಾಗ ರೇಣುಕಾ ಬಂದಳು. ಎರಡನೇ ವರ್ಷದವಳು. ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಬಂದು ಇಲ್ಲಿ ಬಿಲ್ಡಿಂಗ್ ಕೆಲಸ ಮಾಡುವವರು. ಮುಂಬೈಯಲ್ಲೇ ಬೆಳೆದ ಇವಳ ಕನ್ನಡ ತಡವರಿಸುತ್ತದೆ, ನಡುನಡುವೆ ಹಿಂದಿ ನುಸುಳುತ್ತದೆ. ಆದರೂ ನನ್ನೊಡನೆ ಹಟ ಹಿಡಿದು ಅದನ್ನೇ ಆಡುತ್ತಾಳೆ.

“ಎಂತ ಡೌಟು?” ಎಂದೆ, ಹಿಗ್ಗಿನಿಂದ.

“ಡೌಟ್ ಇಲ್ರಿ ಮೇಡಂ. ಆನ್ಸರ್ ಸಬ್ ಮೊಬೈಲ್‌ನ್ಯಾಗ ಸಿಗ್ತಾವ.”

“ಮತ್ತೆ ಎಂತಕ್ಕೆ ಬಂದದ್ದು?”

ಕುರ್ಚಿ ಎಳೆದು ಕೂತಳು. “ನಂಗ ಖರೇನ ಬರ್ತದೋ ಇಲ್ಲೋ ಗೊತ್ತಾಗವಲ್ದು. ಏನ್ ಬರದ್ರೂ ಅದು ‘ಗುಡ್ ಅಟೆಂಪ್ಟ್’ ಅಂತದ. ಮನ್ಯಾಗ ಯಾರಿಗೂ ಇದು ತಿಳಿಯಂಗಿಲ್ಲ. ಕ್ಲಾಸ್‌ನ್ಯಾಗ ಎಲ್ಲಾರೂ ಅಪ್ನಾ ಅಪ್ನಾ ಫೋನ್ ನೋಡ್ಕೋತ ಇರ್ತಾರ. ನೀವು ಒಮ್ಮೆ ಚೆಕ್ ಮಾಡ್ರಿ. ತಪ್ಪಿದ್ರ ಬೈರಿ, ಪ್ಲೀಸ್.”

ಫೋನ್ ಬ್ಯಾಗಿಗೆ ಹಾಕಿಸಿದೆ. ಹಾಳೆ ಕೊಟ್ಟು, ಗೋಡೆಯಿಂದ ಹೊರಚಾಚಿದ ಬಾಲ್ಕನಿಗೆ ಕಬ್ಬಿಣದ ಸರಳು ಎಲ್ಲಿ ಹಾಕುತ್ತಿ ತೋರಿಸು ಎಂದೆ. ಚಂದದ ಚಿತ್ರವನ್ನೇ ಬರೆದಳು. ಕಬ್ಬಿಣವನ್ನು ಮಾತ್ರ ಕೆಳಭಾಗದಲ್ಲಿ ಹಾಕಿದಳು. ಅಂಥ ಬಾಲ್ಕನಿಯ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು. ಇಲ್ಲದಿದ್ದರೆ ಗೋಡೆಯ ಬಳಿ ಬಿರುಕು ಬಿಟ್ಟು ಇಡೀ ಬಾಲ್ಕನಿ ಕಳಚಿ ಬೀಳುತ್ತದೆ.

ಸಿಟ್ಟು ನೆತ್ತಿಗೇರಿತು. “ಎಂತ ಮಾರಾಯ್ತಿ ಇದು? ಇದರ ಮೇಲೆ ನಿನ್ನ ಅಮ್ಮನನ್ನು ನಿಲ್ಲಿಸ್ತೀಯಾ? ಗಮನ ಎಲ್ಲುಂಟು ನಿನ್ನದು?”

ಪಕ್ಕದ ಕ್ಯಾಬಿನ್ನಿನ ಸಹೋದ್ಯೋಗಿ ಗಾಬರಿಯಿಂದ ಇಣುಕಿ ನೋಡಿದರು. (ಪಾಪ, ಹೊಸಬರು.)

ರೇಣುಕಾಳ ಕಣ್ಣು ತುಂಬಿತು. ಆದರೆ ಎದ್ದು ಹೋಗಲಿಲ್ಲ. ಹಾಳೆ ಮಗುಚಿ ಮತ್ತೆ ಬರೆದಳು. ಯಾಕೆ ಮೇಲೆ, ಕೆಳಗೆ ಯಾಕಲ್ಲ ಎಂದು ಕೆದಕಿದೆ. ತನ್ನ ಕೈಯನ್ನೇ ಬಾಲ್ಕನಿಯಂತೆ ಚಾಚಿ, ಮೂರು ಭಾಷೆ ಬೆರೆಸಿ, ಭಾರ ಬಿದ್ದಾಗ ಎಳೆತ ಮೇಲ್ಭಾಗಕ್ಕೇ ಎಂದು ಸರಿಯಾಗಿ ಹೇಳಿದಳು.

“ಹಾಂ, ಈಗ ಬಂತು ನಿನಗೆ,” ಎಂದೆ. ಅಷ್ಟಕ್ಕೇ ಮುಖ ಅರಳಿತು. ಫೋನು ಕೊಟ್ಟ ಅಷ್ಟೆಲ್ಲ ‘ಗುಡ್’ಗಳು ಯಾವ ಮೂಲೆಗೆ?

ಹೊರಡುವಾಗ ಬಾಗಿಲಲ್ಲಿ ನಿಂತಳು. “ಮುಂದಿನ ವಾರಾನೂ ಬರ್ಲೇನ್ರಿ? ನಿಮಗ ಬೋರ್ ಆಗ್ತದೇನು?”

“ಆಗ್ತದೆ. ಆದರೂ ಬಾ.”

ಅವಳು ಹೋದ ಮೇಲೆ ರೂಮು ಮೊದಲಿಗಿಂತ ಖಾಲಿ ಅನ್ನಿಸಿತು. ಮುಂದಿನ ಗುರುವಾರ ತುಂಬ ದೂರ ಅನ್ನಿಸಿತು.

ಫೋನಿಗೆ ಬೋರ್ ಆಗುವುದಿಲ್ಲ, ಸಿಟ್ಟೂ ಬರುವುದಿಲ್ಲ. ಒಪ್ಪಿದೆ. ಆದರೆ ನಮ್ಮ ತಪ್ಪಿಗೆ ಯಾರಿಗೂ ಸಿಟ್ಟೇ ಬರದಿದ್ದರೆ, ನಾವು ಯಾರಿಗೆ ಬೇಕಾದವರು?