ದೇವರ ಮುಂದಿದ್ದ ಪಾನಾಗಳು

ನನ್ನ ಗಂಡನ ರಿಪೇರಿ ಶೆಡ್ಡು ಬ್ರೂಸ್‌ಪೇಟೆಯಲ್ಲಿ, ನಮ್ಮ ಮನೆಯ ಮುಂದೆಯೇ ಇತ್ತು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬರುತ್ತಿದ್ದ ಲಾರಿಗಳೆಲ್ಲ ಇಂಗ್ಲೆಂಡ್, ಅಮೆರಿಕದವು. ನಟ್ಟು ತಿರುವಲು ಇಂಚಿನ ಅಳತೆಯ ಪಾನಾ, ಅಂದರೆ ಸ್ಪ್ಯಾನರ್, ಸಾಕಾಗುತ್ತಿತ್ತು. ಆಮೇಲೆ ಸಿರುಗುಪ್ಪದ ಬಸ್ಸು ಬಂತು. ಅದು ಬೇರೆ ಯಾವುದೋ ದೇಶದ್ದು, ನಟ್ಟುಗಳೆಲ್ಲ ಮಿಲಿಮೀಟರಿನವು. ಇಂಚಿನ ಪಾನಾ ಅವಕ್ಕೆ ಕೂತ ಹಾಗೆ ಕಾಣುತ್ತದೆ, ಬಲ ಹಾಕಿದರೆ ಜಾರಿ ಮೂಲೆ ತಿನ್ನುತ್ತದೆ. ಒಲೆ ಮುಂದೆ ಕೂತ ನನಗೂ ಇದು ಗೊತ್ತಿತ್ತು. ಗಂಡ ಮದ್ರಾಸಿನಿಂದ ಮಿಲಿಮೀಟರ್ ಪಾನಾಗಳ ಸೆಟ್ಟು ತರಿಸಿದರು.

ಆ ವರ್ಷ ಆಯುಧ ಪೂಜೆಗೆ ಅತ್ತೆ ಶೆಡ್ಡಿನ ಪಾನಾಗಳನ್ನೆಲ್ಲ ದೇವರ ಮುಂದೆ ಜೋಡಿಸಿ ಕುಂಕುಮ ಹಚ್ಚಿದರು. ಸಂಜೆ ಆ ಬಸ್ಸಿನ ಡ್ರೈವರ್ ಬಂದ. ಸ್ಟೇರಿಂಗಿನ ಸರಳಿನ ನಟ್ಟು ಸಡಿಲಾಗಿತ್ತು, ಬೆಳಿಗ್ಗೆ ಬಸ್ಸು ಹೊರಡಲೇಬೇಕಿತ್ತು. ಹಬ್ಬಕ್ಕೆ ಬಂದಿದ್ದ ನನ್ನ ಅವ್ವ ಅದರಲ್ಲೇ ಸಿರುಗುಪ್ಪಕ್ಕೆ ಹೋಗುವವಳಿದ್ದಳು.

ಗಂಡ ದೇವರ ಮುಂದಿನ ಪಾನಾಕ್ಕೆ ಕೈ ಚಾಚಿದರು.

“ಮುಟ್ಟಬ್ಯಾಡಲೇ! ನಾಳಿ ಸಂಜಿಗೆ ಬನ್ನಿ ಮುಡಿಯೋ ತನಕ ಅವು ದೇವ್ರವು,” ಎಂದರು ಅತ್ತೆ.

“ಹಂಗಾರ ದೇವ್ರನ್ನ ಕರೀರಿ ಅಜ್ಜಿ, ಅವನ ಬಂದು ಬಿಗಿ ಮಾಡ್ಲಿ,” ಎಂದ ಡ್ರೈವರ್.

ಅತ್ತೆ ನಗಲಿಲ್ಲ. ತೆಂಗಿನಕಾಯಿ ಒಡೆಯಲು ಒಲೆಯ ಪಕ್ಕ ಇಟ್ಟುಕೊಂಡಿದ್ದ ಹಳೆಯ ಇಂಚಿನ ಪಾನಾ ತಂದು ಮಗನ ಕೈಗಿಟ್ಟರು. ಗಂಡ ಸಂದಿಗೆ ತಗಡಿನ ಚೂರು ತುರುಕಿ ತಿರುವಿದರು. ಜಾರಿತು. ಮತ್ತೆ ತಿರುವಿದರು. ನಟ್ಟಿನ ಮೂಲೆ ಸವೆದು ದುಂಡಗಾಯಿತೇ ಹೊರತು ಅದು ಸಡಿಲಾಗದಂತೆ ಪಿನ್ನು ಹಾಕುವ ತೂತಿನ ತನಕ ಬರಲಿಲ್ಲ. ಪಿನ್ನಿನ ಬದಲು ತಂತಿ ಸುತ್ತಿದರು.

ಬೆಳಿಗ್ಗೆ ಅವ್ವ ಗಂಟು ಹಿಡಿದು ಬಸ್ಸು ಹತ್ತಿದಳು. ನಾನು ಗಂಡನನ್ನು ಕೇಳಿದೆ:

“ಬಿಗಿ ಐತೇನ್ರಿ?”

“ಐತಿ.”

“ಐತಿ ಅಂದ್ರ ನೀವೂ ಹತ್ರಿ.”

ನನ್ನ ಮುಖ ನೋಡಿದರು. ಹತ್ತಿದರು.

“ಅಳಿಯಂದ್ರು ನನ್ನ ಬಿಡಾಕ ಬರಾಕತ್ಯಾರ ನೋಡು!” ಎಂದು ಅವ್ವ ಕಿಟಕಿಯಿಂದ ನಕ್ಕಳು.

ಬನ್ನಿ ಮುಡಿಯುವ ಹೊತ್ತಾಯಿತು, ಗಂಡ ಮರಳಿರಲಿಲ್ಲ. ಪಾನಾಗಳ ಮೇಲಿನ ಹೂವು ಬಾಡಿತ್ತು. ಅತ್ತೆ ಹೊಸ್ತಿಲು ಬಿಟ್ಟು ಏಳಲಿಲ್ಲ. ಕತ್ತಲಾಗುವಾಗ ಎತ್ತಿನ ಬಂಡಿಯೊಂದು ಅವ್ವನನ್ನೂ ಗಂಡನನ್ನೂ ಹೊತ್ತು ಬಂದು ನಿಂತಿತು.

ಕುರುಗೋಡಿನ ಗುಡ್ಡ ಕಾಣುವ ಕಡೆ ಸ್ಟೇರಿಂಗ್ ಸುಮ್ಮನೆ ಗಿರಗಿರ ತಿರುಗಿತಂತೆ. ಬಸ್ಸು ಹತ್ತಿಯ ಹೊಲಕ್ಕೆ ನುಗ್ಗಿ ಬಂಡೆಗೆ ಬಡಿಯಿತು. ಅವ್ವನ ಹಣೆ ಒಡೆದಿತ್ತು, ಜೀವ ಉಳಿಯಿತು. ಗಂಡನ ಬಲಗೈ ಮುರಿದು ಸೊಟ್ಟಗೆ ಕೂಡಿಕೊಂಡಿತು. ಆ ಕೈ ಮತ್ತೆ ಪಾನಾ ಬಿಗಿಯಲಿಲ್ಲ. ಗಂಡನನ್ನು ಹತ್ತಿಸಿದವಳು ನಾನೇ ಎಂದು ಓಣಿಯಲ್ಲಿ ಆಡಿಕೊಂಡರು. ಹೌದು, ನಾನೇ. ಇವತ್ತಾಗಿದ್ದರೂ ಹತ್ತಿಸುತ್ತಿದ್ದೆ.

ಮರುವರ್ಷ ಆಯುಧ ಪೂಜೆಗೆ ಮಿಲಿಮೀಟರ್ ಸೆಟ್ಟನ್ನು ನಾನು ದೇವರ ಮುಂದೆ ಇಡದೆ ಶೆಡ್ಡಿನಲ್ಲೇ ಬಿಟ್ಟೆ. ಅತ್ತೆ ನೋಡಿದರು. ಕುಂಕುಮದ ಬಟ್ಟಲು ಹಿಡಿದು ಆ ಸೆಟ್ಟನ್ನು ದಾಟಿ ಹೋದರು.